ದೂರು ಕೊಟ್ಟರೆ ಮಾಲೀಕರಿಗೆ ಗೊತ್ತಾಗುತ್ತಾ?

ಅಣ್ಣಾ, ದಾವಣಗೆರೆಯ ನಿಮ್ಮ ಅಕ್ಕಿ ಮಿಲ್ಲಿನಲ್ಲಿ ಬೆಲ್ಟಿಗೆ ಗಾರ್ಡ್ (ಮೈಕೈ ಸಿಗದಂತೆ ಮುಚ್ಚುವ ಕವಚ) ಇಲ್ಲ, ಯಾರಿಗಾದರೂ ಏಟಾದ ಮೇಲೇ ಕಾರ್ಖಾನೆ ಇಲಾಖೆಯ ಇನ್‌ಸ್ಪೆಕ್ಟರ್ ಬರೋದಾ, ದೂರು ಕೊಟ್ಟರೆ ನನ್ನ ಹೆಸರು ಹೊರಗೆ ಬರುತ್ತಾ ಅಂತ ಕೇಳಿದ್ದೀರಿ.

ಏಟಾಗುವ ತನಕ ಕಾಯಬೇಕಿಲ್ಲ. ಅಪಘಾತ ಒಂದು ಕಾರಣ, ಅಷ್ಟೇ. 2025ರ ನವೆಂಬರ್ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಗಾಯಾಳು 48 ಗಂಟೆ ಅಥವಾ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಮ್ಯಾನೇಜರ್ ಇಲಾಖೆಗೆ ತಿಳಿಸಲೇಬೇಕಿತ್ತು, ಸಾವಾಗಿದ್ದರೆ ಒಂದು ತಿಂಗಳೊಳಗೆ ವಿಚಾರಣೆ ನಡೆಯಬೇಕಿತ್ತು. ಇದಲ್ಲದೆ ಮಾಮೂಲಿ ತಪಾಸಣೆ ಇದೆ, ಕಾರ್ಮಿಕರ ದೂರಿನ ಮೇಲೂ ಬರುತ್ತಾರೆ.

ಹೆಸರಿನ ಭಯ ನನಗೂ ಇತ್ತು. ಇಂಥ ಭಯಕ್ಕೇ 1987ರಲ್ಲಿ ಆ ಹಳೆಯ ಕಾಯ್ದೆಗೆ 118ಎ ಕಲಂ ಸೇರಿಸಿದ್ದರು: ದೂರು ಕೊಟ್ಟವರು ಯಾರು ಅನ್ನೋದನ್ನು ಗುಟ್ಟಾಗಿಡಬೇಕಿತ್ತು, ಅವರು ಒಪ್ಪದೆ, ದೂರು ಬಂತು ಅಂತ ಬಂದಿದ್ದೇವೆ ಎಂದು ಕೂಡ ಇನ್‌ಸ್ಪೆಕ್ಟರ್ ಮಾಲೀಕರಿಗೆ ಹೇಳುವ ಹಾಗಿರಲಿಲ್ಲ. ಈಗಿನ ನಿಯಮ ಏನು ಅಂತ ಇಲಾಖೆಯಲ್ಲಿ ಕೇಳಿಕೊಳ್ಳಿ. ಆದರೂ ಹತ್ತಿಪ್ಪತ್ತು ಜನರ ಮಿಲ್ಲಿನಲ್ಲಿ ಊಹೆ ಮಾಡ್ತಾರೆ, ಅಲ್ವಾ? ನಾಲ್ಕು ಜನ ಸೇರಿ, ಇಲ್ಲವೇ ಯೂನಿಯನ್ ಮೂಲಕ ಕೊಡಿ.

ಸುಮ್ನೆ "ಸುರಕ್ಷತೆ ಇಲ್ಲ" ಅಂತ ಬರೆಯಬೇಡಿ. ಯಾವ ಮಷಿನ್, ಯಾವ ಪಾಳಿ, ಗಾರ್ಡ್ ಯಾವಾಗ ಬಿಚ್ಚಿದರು, ಎಲ್ಲ ಬರೆಯಿರಿ. ನಾನಿದ್ದ ಮಿಲ್ಲಿನಲ್ಲಿ ಗಾರ್ಡ್ ಚೀಲಗಳ ಹಿಂದೆ ಗೋಡೆಗೆ ಒರಗಿಕೊಂಡಿತ್ತು, ಮೇಲೆ ತೌಡು ಕೂತಿತ್ತು. ಪಕ್ಕದವನ ಹೆಗಲ ಮೇಲಿನ ಟವೆಲ್ ಬೆಲ್ಟಿಗೆ ಸಿಕ್ಕಿತು. ಟವೆಲ್ ಹರಿಯಿತು, ಅವನು ಉಳಿದ.

ನೀವು ಟವೆಲ್ ಇವತ್ತೇ ತೆಗೆದಿಡಿ, ತೋಳು ಮಡಚಿಕೊಳ್ಳಿ. ದೂರಿನ ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಮನೆಯಲ್ಲಿಡಿ.