ಆ ಚೌಕದಲ್ಲಿ ಗುರುತು ಹಾಕಬೇಡ, ತಮ್ಮಾ

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಮೆರಿಕದ ಸಂಸತ್ತಿನಲ್ಲಿದ್ದಾರೆ, ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ಗೆ ಓದಲು ಬರುವ ನಾನೂ ಮುಂದೆ ರಾಜಕೀಯಕ್ಕೆ ಇಳಿಯಬಹುದೇ ಎಂದು ಕೇಳಿದ್ದೀಯ. ಜೊತೆಗೆ ಬಾಡಿಗೆ, ಕಾರು, ಚಳಿ. ಅವನ್ನು ಮೊದಲು ಮುಗಿಸುತ್ತೇನೆ: ಕಾಲೇಜಿನ ಹತ್ತಿರ ಮನೆ ಹಿಡಿ, ಹಳೆಯ ಕಾರು ಸಾಕು, ದಪ್ಪ ಕೋಟನ್ನು ಇಲ್ಲೇ ಕೊಳ್ಳು.

ನಮ್ಮ ಜಿಲ್ಲೆಯವರು ಎಂದರೆ ನನಗೂ ಎದೆ ಉಬ್ಬುತ್ತದೆ. ಅವರ ಮನೆಮಾತು ಮರಾಠಿಯಲ್ಲವೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಆ ಕಡೆಯವನಾದ ನಿನಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1979ರಲ್ಲಿ ರಸಾಯನಶಾಸ್ತ್ರ ಓದಲು ಬಂದರು, 1988ರಲ್ಲಿ ಪೌರತ್ವ ಪಡೆದರು. ಸೇಂಟ್ ಲೂಯಿಸ್‌ನಲ್ಲಿ ಬೆಳೆಸಿದ ಪ್ರಯೋಗಾಲಯದ ಉದ್ಯಮ ಆರ್ಥಿಕ ಹಿಂಜರಿತದಲ್ಲಿ ಬ್ಯಾಂಕಿನ ಪಾಲಾಯಿತು. ಮಿಷಿಗನ್‌ನ ಆನ್ ಆರ್ಬರ್‌ಗೆ ಬಂದು ಮತ್ತೊಂದನ್ನು ಕಟ್ಟಿದರು. 2018ರಲ್ಲಿ ಸ್ವಂತ ಹಣ ಸುರಿದು ನೇರವಾಗಿ, ನಮ್ಮ ಮುಖ್ಯಮಂತ್ರಿಯಂಥ ಗವರ್ನರ್ ಹುದ್ದೆಗೇ ಕೈಹಾಕಿ, ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆಯಲ್ಲೇ ಮೂರನೆಯವರಾದರು. ಆಮೇಲೆ ಮೆಟ್ಟಿಲು ಹಿಡಿದರು: 2020ರಲ್ಲಿ ಡೆಟ್ರಾಯಿಟ್‌ನಿಂದ ರಾಜ್ಯದ ಕೆಳಮನೆ, 2022ರಲ್ಲಿ ರಾಷ್ಟ್ರದ ಕೆಳಮನೆ. ಎರಡಕ್ಕೂ ಎರಡೆರಡು ವರ್ಷಕ್ಕೆ ಚುನಾವಣೆ. ಟಿಕೆಟ್ ಹಂಚುವ ಹೈಕಮಾಂಡ್ ಇಲ್ಲಿಲ್ಲ, ಅಭ್ಯರ್ಥಿಯನ್ನೂ ಮತದಾರರೇ ಆರಿಸುತ್ತಾರೆ. ನಾನು ಬಂದ ವರ್ಷ ಅಂಗಳಗಳಲ್ಲಿ ನೆಟ್ಟ ಹೆಸರಿನ ಫಲಕಗಳನ್ನು ಕಂಡು, ಇಷ್ಟೊಂದು ಮನೆಗಳು ಮಾರಾಟಕ್ಕಿವೆಯೇ ಎಂದುಕೊಂಡಿದ್ದೆ. ಮೈಕಿಲ್ಲ, ಜೀಪಿಲ್ಲ, ಚುನಾವಣೆ ಎಂದು ತಿಳಿಯುವುದಾದರೂ ಹೇಗೆ?

ಒಂಬತ್ತೇ ವರ್ಷದಲ್ಲಿ ಪೌರತ್ವ ಸಿಕ್ಕ ಅವರ ಲೆಕ್ಕ ನಿನಗೆ ಹೊಂದದು. ಇಲ್ಲಿ ಕಾಯಂ ನೆಲೆಸಲು ಬಿಡುವ ಗ್ರೀನ್ ಕಾರ್ಡನ್ನು ಉದ್ಯೋಗದ ಮೇಲೆ ಕೊಡುವಾಗ ದೇಶವೊಂದಕ್ಕೆ ವರ್ಷದ ಒಟ್ಟಿನಲ್ಲಿ ಶೇ. 7ರ ಮಿತಿ, ನಮ್ಮವರ ಸರತಿ ದಶಕ ಮೀರುತ್ತದೆ. ಅದು ಸಿಕ್ಕ ಮೇಲೆ ಪೌರತ್ವಕ್ಕೆ ಸಾಮಾನ್ಯವಾಗಿ ಐದು ವರ್ಷ, ಪೌರನಾಗಿ ಏಳು ವರ್ಷವಾಗದೆ ರಾಷ್ಟ್ರದ ಕೆಳಮನೆಗೆ ಹೋಗುವಂತಿಲ್ಲ.

ಈಗ ಗಮನವಿಟ್ಟು ಓದು. ಮಿಷಿಗನ್‌ನಲ್ಲಿ ಚಾಲನಾ ಪರವಾನಗಿ ಕೊಡುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲೇ ಮತದಾರರ ನೋಂದಣಿಯೂ ನಡೆಯುತ್ತದೆ. ಅಲ್ಲಿನ ಅರ್ಜಿಯಲ್ಲಿ ಅಮೆರಿಕದ ಪೌರನೆಂಬ ಚೌಕದಲ್ಲಿ ಅಪ್ಪಿತಪ್ಪಿಯೂ ಗುರುತು ಹಾಕಬೇಡ. ನನ್ನ ಪರಿಚಯದ ಹುಡುಗನೊಬ್ಬ ಅವಸರದಲ್ಲಿ ಹಾಕಿದ. ವರ್ಷಗಳ ನಂತರ ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ಅದೇ ಕಾಗದ ಎದುರು ಬಂತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಮರಳಿದ. ಬೇಕೆಂದು ಮಾಡಿದ್ದಲ್ಲ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವೀಸಾದಲ್ಲಿದ್ದು ಅಭ್ಯರ್ಥಿಗೆ ಚಂದಾ ಕೊಡುವುದೂ ನಿಷಿದ್ಧ. ಸಂಬಳವಿಲ್ಲದೆ ಕರಪತ್ರ ಹಂಚಬಹುದು, ಅಷ್ಟೇ.

ಇಲ್ಲಿನ ಪೌರನಾಗಿ ಮತ ಸಿಕ್ಕ ದಿನ ಭಾರತದ ಪೌರತ್ವದ ಜೊತೆ ಅಲ್ಲಿನ ಮತವೂ ಹೋಗುತ್ತದೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ವೀಸಾದ ಗೊಡವೆ ತಪ್ಪಿಸುತ್ತದೆಯೇ ಹೊರತು ಮತಗಟ್ಟೆಯೊಳಗೆ ಬಿಡುವುದಿಲ್ಲ. ಊರಿನ ಚುನಾವಣೆಯ ದಿನ ಅವ್ವನ ಕೈಹಿಡಿದು ಶಾಲೆಯ ಬಾಗಿಲವರೆಗೆ ಹೋಗಿ ನಿಂತಿದ್ದೇನೆ. ಅದು ಇಂದಿಗೂ ಚುಚ್ಚುತ್ತದೆ. ಹೊಲದ ವಿಚಾರವನ್ನೂ ಅಪ್ಪನ ಹತ್ತಿರ ಈಗಲೇ ಮಾತಾಡು: ಒಸಿಐ ಇದ್ದವರಿಗೆ ಕೃಷಿಭೂಮಿ ವಾರಸಿಕೆಯಿಂದ ಬರಬಹುದು, ಕೊಳ್ಳುವಂತಿಲ್ಲ.