ಗಾಳಿ ಏರಿತೆಂದು ಹಗ್ಗ ಬಿಗಿ ಹಿಡಿಯಬೇಡಿ

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಲೇಸರ್ ಹಾಯಿದೋಣಿ ಓಡಿಸುತ್ತೇನೆ. ಮೆಲು ಗಾಳಿಯಲ್ಲಿ ಗೆಳೆಯರ ಜೊತೆ ರೇಸಿಗಿಳಿದರೆ ಮುಂದೆ ಇರುತ್ತೇನೆ. ಮಧ್ಯಾಹ್ನ ಗಾಳಿ ಏರಿದರೆ ಮುಗೀತು, ಕೊನೆಯವನಾಗುತ್ತೇನೆ, ಇಲ್ಲವೇ ಮಗುಚುತ್ತೇನೆ. ಕಟ್ಟುವುದು ದೊಡ್ಡ ಹಾಯಿ, ನನ್ನ ತೂಕ 58 ಕೆ.ಜಿ. ತೂಕ ಹೆಚ್ಚಿಸಬೇಕೇ? ಅಥವಾ ತೋಳಿನ ಬಲ ಸಾಲದೇ?
— ಹೆಸರು ಬೇಡ, ಉಳ್ಳಾಲ

ಉತ್ತರ: ಕುಚ್ಚಲಕ್ಕಿ ಗಂಜಿ ಇನ್ನೆರಡು ಬಟ್ಟಲು ಉಂಡರೆ ಸರಿಹೋಗುವ ಕೆಲಸವಲ್ಲ ಮಾರಾಯ್ರೆ. ಲೇಸರ್ ದೋಣಿ ಒಂದೇ, ಅದಕ್ಕೆ ಹಾಯಿ ಮೂರು. ದೊಡ್ಡದು ಸುಮಾರು 7 ಚದರ ಮೀಟರ್, ನಡುವಿನದು 5.7, ಚಿಕ್ಕದು 4.7. ದೊಡ್ಡದು 80 ಕೆ.ಜಿ. ಆಸುಪಾಸಿನವರಿಗೆ. ನೀವು ಅದನ್ನು ಕಟ್ಟಿಕೊಂಡು ಒದ್ದಾಡುತ್ತಿದ್ದೀರಿ, ಅಷ್ಟೇ. ನಡುವಿನದಕ್ಕೆ ಬನ್ನಿ. ಆಗ ಕೂವೆಮರದ ಕೆಳತುಂಡೂ ಬದಲಾಗಬೇಕು. ಭಾರತದ ನೇತ್ರಾ ಕುಮನನ್ ಟೋಕಿಯೊ ಒಲಿಂಪಿಕ್ಸ್‌ಗೆ ಹೋದದ್ದು ಇದೇ ನಡುವಿನ ಹಾಯಿಯಲ್ಲಿ, ನಾಚಿಕೆ ಯಾಕೆ?

ಇನ್ನು ತೋಳಿನ ಮಾತು. ಗಾಳಿಯ ವೇಗ 10 ನಾಟ್‌ನಿಂದ 20ಕ್ಕೆ ಏರಿದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅದಕ್ಕೆ ಯಾರ ತೋಳೂ ಸಾಲದು. ನೀವು ಕಲಿಯಬೇಕಾದದ್ದು ಹಗ್ಗ ಬಿಡುವುದನ್ನು, ಅದೂ ಸರಿಯಾದ ಹೊತ್ತಿಗೆ.

ಗುರುಪುರ ಹೊಳೆಯಲ್ಲೇ ಅಭ್ಯಾಸ ಮಾಡುತ್ತೀರೆಂದುಕೊಳ್ಳುತ್ತೇನೆ. ನೆಲ ಕಾದ ಮೇಲೆ ಪಡುಗಾಳಿ ಏಳುತ್ತದೆ. ತಣ್ಣೀರುಬಾವಿ, ಬೆಂಗ್ರೆಯ ಮರಗಳನ್ನು ದಾಟಿಯೇ ಅದು ಹೊಳೆಗೆ ಇಳಿಯಬೇಕು, ಅಲ್ವಾ? ಹಾಗಾಗಿ ಒಂದೇ ಸಮ ಬೀಸುವುದಿಲ್ಲ. ಮರಗಳ ಮರೆಯಲ್ಲಿ ಗಾಳಿಯೇ ಇರುವುದಿಲ್ಲ, ಸಂದು ಸಿಕ್ಕಲ್ಲಿ ಒಮ್ಮೆಲೇ ನುಗ್ಗುತ್ತದೆ. ನೀರಿನ ಮೇಲೆ ಕಪ್ಪಗೆ ಸುಕ್ಕು ಓಡಿ ಬರುವುದು ಕಾಣುತ್ತದೆ. ಅದು ತಾಗುವ ಮೊದಲೇ ಕಾಲುಪಟ್ಟಿಗೆ ಪಾದ ಸಿಕ್ಕಿಸಿ ಮೈ ಹೊರಗೆ ಚಾಚಿ, ಮೈನ್‌ಶೀಟ್, ಅಂದರೆ ಹಾಯಿ ಹಿಡಿದ ಹಗ್ಗ, ಸಡಿಲಿಸಿ. ದೋಣಿ ವಾಲಿದ ಮೇಲೆ ಸಡಿಲಿಸಿದರೆ ಹಾಯಿಯ ಅಡಿಯ ಅಡ್ಡಗೋಲು, ಬೂಮ್, ನೀರಿಗೆ ತಾಗುತ್ತದೆ, ಹಾಯಿ ಹೊರಗೆ ಹೋಗುವುದೇ ಇಲ್ಲ. ನಾನು ಎನ್‌ಸಿಸಿ ನೌಕಾದಳದಲ್ಲಿ ಇಬ್ಬರು ಕೂರುವ ಎಂಟರ್‌ಪ್ರೈಸ್ ದೋಣಿಯಲ್ಲಿ ಕಲಿತವಳು. ಮುಂದೆ ಕೂತ ಜೊತೆಗಾರ್ತಿ "ಕಪ್ಪು ಬಂತು, ಕಪ್ಪು ಬಂತು" ಎಂದು ಕೂಗುತ್ತಿದ್ದಳು. ಲೇಸರಿನಲ್ಲಿ ನೀವೊಬ್ಬರೇ, ಆ ಕೂಗನ್ನು ನೀವೇ ಹಾಕಿಕೊಳ್ಳಬೇಕು.

ವಾಲಿದ ದೋಣಿಯಲ್ಲಿ ಚುಕ್ಕಾಣಿ ಕೈಯನ್ನು ಎಳೆಯುತ್ತದೆ. ತೋಳು ಸೋತಿತೆಂದು ನಿಮಗೆ ಅನಿಸಿದ್ದು ಇದರಿಂದಲೇ ಇರಬೇಕು. ದೋಣಿ ಮಟ್ಟಸವಾಗಿ ನಿಂತರೆ ಚುಕ್ಕಾಣಿ ಎರಡು ಬೆರಳಿಗೆ ಬರುತ್ತದೆ. ಹಾಯಿಯ ಮುಂದಿನ ಅಂಚನ್ನು ಕೆಳಗೆಳೆಯುವ ಹಗ್ಗ ಕನಿಂಗ್‌ಹ್ಯಾಮ್, ಬೂಮನ್ನು ಕೆಳಗೆಳೆಯುವ ಹಗ್ಗ ವ್ಯಾಂಗ್, ಎರಡನ್ನೂ ಗಟ್ಟಿ ಎಳೆದಿಡಿ, ಹಾಯಿಯ ಹೊಟ್ಟೆ ಇಳಿಯುತ್ತದೆ. ಆದರೆ ಮೇಲಿನ ಮಾರ್ಕ್, ಅಂದರೆ ರೇಸಿನಲ್ಲಿ ಗಾಳಿ ಬರುವ ಕಡೆಗಿರುವ ತೇಲುಗುರುತು, ಸುತ್ತುವ ಮೊದಲು ವ್ಯಾಂಗ್ ಸ್ವಲ್ಪ ಬಿಡಬೇಕು.

ಹೆಚ್ಚಿನವರು ಮಗುಚುವುದು ಅಲ್ಲಿಂದಾಚೆ, ಗಾಳಿ ಬೆನ್ನಿಗೆ ಬಂದ ಮೇಲೆ. ವೇಗದ ಖುಷಿಗೆ ಹಾಯಿಯನ್ನು ದೋಣಿಯ ನಡುಗೆರೆಯಿಂದ 90 ಡಿಗ್ರಿಗಿಂತ ಆಚೆ ಬಿಡುತ್ತಾರೆ. ದೋಣಿ ಅತ್ತಿತ್ತ ತೂಗಾಡಿ, ಕೊನೆಗೆ ನಾವು ಕೂತ ಕಡೆಗೇ ಮಗುಚುತ್ತದೆ. ತೂಗಾಟ ಶುರುವಾದೊಡನೆ ಹಾಯಿಯನ್ನು ತುಸು ಒಳಗೆಳೆಯಿರಿ. ದೋಣಿಯ ನಡುವಿನಿಂದ ನೀರಿಗಿಳಿಯುವ ಹಲಗೆ, ಡ್ಯಾಗರ್‌ಬೋರ್ಡನ್ನು, ಪೂರ್ತಿ ಮೇಲೆತ್ತಬೇಡಿ.

ಜೈಬ್, ಅಂದರೆ ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಇನ್ನೊಂದು ಬದಿಗೆ ದಾಟಿಸಿ ತಿರುಗುವುದು, ಮಾಡಬೇಕಾದದ್ದು ದೋಣಿ ಅತಿ ವೇಗದಲ್ಲಿರುವಾಗ. ಕೇಳಿದರೆ ಹುಚ್ಚು ಅನಿಸುತ್ತದೆ. ಆದರೆ ಗಾಳಿಯ ಜೊತೆಗೇ ಓಡುವಾಗ ಹಾಯಿಗೆ ತಾಗುವ ಗಾಳಿ ಕಡಿಮೆ. ಹೆದರಿ, ವೇಗ ಇಳಿಯಲಿ ಎಂದು ಕಾದರೆ ಬೂಮ್ ಬಡಿಯುವ ರಭಸ ಜಾಸ್ತಿ. ಬೂಮ್ ದಾಟುವಾಗ ಮೈನ್‌ಶೀಟನ್ನು ಒಂದು ತೋಳುದ್ದ ಸರಕ್ಕನೆ ಎಳೆಯಿರಿ. ಇಲ್ಲದಿದ್ದರೆ ಅದು ದೋಣಿಯ ಹಿಂಬದಿ ಮೂಲೆಗೆ ಸಿಕ್ಕಿಕೊಳ್ಳುತ್ತದೆ, ಲೇಸರಿನ ಹಳೇ ರೋಗ ಅದು. ಧೈರ್ಯ ಬಾರದಿದ್ದರೆ ಜೈಬ್ ಬೇಡವೇ ಬೇಡ. ದೋಣಿಯ ಮೂತಿಯನ್ನು ಗಾಳಿಗೆದುರಾಗಿ ತಿರುಗಿಸಿ, ಅಂದರೆ ಟ್ಯಾಕ್ ಮಾಡಿಯೇ ಸುತ್ತಿ ಬನ್ನಿ. ಗೆಳೆಯರು ನಗಲಿ ಬಿಡಿ. ಅವರಲ್ಲೊಬ್ಬರು ಮಗುಚಿ ದೋಣಿ ಎತ್ತುವಷ್ಟರಲ್ಲಿ ನೀವು ಬಹಳ ಮುಂದೆ ಹೋಗಿರುತ್ತೀರಿ.

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳಿಗೆ ಹಾಯಿದೋಣಿ ಕಲಿಯುವ ಹಠ. ಮಗುಚಿದರೆ ಏನು ಗತಿ?
— ಒಬ್ಬ ತಾಯಿ, ಮಲ್ಪೆ

ಉತ್ತರ: ಮಗುಚುತ್ತದೆ ಅಕ್ಕಾ, ಅದು ಮೊದಲ ಪಾಠವೇ. ಈ ವಯಸ್ಸಿನವರಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ ಇದೆ, 2.3 ಮೀಟರ್ ಉದ್ದ, 35 ಕೆ.ಜಿ. ಮಗುಚಿದರೆ ಹಗ್ಗ ಬಿಟ್ಟು, ಡ್ಯಾಗರ್‌ಬೋರ್ಡಿನ ಮೇಲೆ ಭಾರ ಹಾಕಿದರೆ ಎದ್ದು ನಿಲ್ಲುತ್ತದೆ. ಒಳಗೆ ತುಂಬಿದ ನೀರನ್ನು ಎತ್ತಿ ಚೆಲ್ಲಬೇಕು. ದೋಣಿ ಬಿಟ್ಟು ದಡಕ್ಕೆ ಈಜಲು ಮಾತ್ರ ಹೋಗಬಾರದು.

ನೀವು ವಿಚಾರಿಸಬೇಕಾದದ್ದು ಬೇರೆ. ಲೈಫ್ ಜಾಕೆಟ್ ಅವಳ ಅಳತೆಯದೇ? ಪಕ್ಕದಲ್ಲಿ ಇಂಜಿನ್ ದೋಣಿ ಕಾವಲಿಗೆ ಇರುತ್ತದೆಯೇ? ಅಳಿವೆ ಬಾಗಿಲಿನ ಹತ್ತಿರ ಕರೆದೊಯ್ಯುತ್ತಾರೆಯೇ? ಕೊನೆಯದಕ್ಕೆ ಹೌದು ಎಂದರೆ ಕಳಿಸಬೇಡಿ. ಇಳಿತದ ನೀರು ಪಡುವಣಕ್ಕೆ ಹೋಗುವಾಗ ಗಾಳಿ ಎದುರಿನಿಂದ ಬೀಸಿದರೆ ಅಲ್ಲಿ ಅಲೆ ಕಡಿದಾಗಿ ಏಳುತ್ತದೆ. ಮಲ್ಪೆಯವರಿಗೆ ಇದನ್ನು ನಾನು ಹೇಳಬೇಕೇ! ಮಳೆಗಾಲದಲ್ಲಿ, ಮೀನುಗಾರಿಕೆಯ ದೋಣಿಗಳೇ ದಡ ಸೇರಿರುವ ಜೂನ್, ಜುಲೈಯಲ್ಲಿ, ಈಜುಕೊಳದಲ್ಲಿ ಈಜು ಕಲಿಯಲಿ.

ಪ್ರಶ್ನೆ: ಗಾಳಿಗೆದುರು ಹೋಗುವ ಎರಡು ದೋಣಿ ಎದುರುಬದುರಾದರೆ ಯಾರು ದಾರಿ ಬಿಡಬೇಕು?
— ನಿವೃತ್ತ ಶಿಕ್ಷಕರು, ಕಾಪು

ಉತ್ತರ: ಗಾಳಿ ಯಾರ ಎಡಗಡೆಯಿಂದ ಬರುತ್ತಿದೆಯೋ ಅವರು ಬಿಡಬೇಕು. ಬಲಗಡೆಯಿಂದ ಬರುತ್ತಿರುವವರು "ಸ್ಟಾರ್‌ಬೋರ್ಡ್" ಎಂದು ಕೂಗುವುದು ರೂಢಿ. ಜೋರು ಗಾಳಿಯಲ್ಲಿ ಕೂಗು ಕೇಳಿಸದು, ನೋಡುತ್ತಲೇ ಇರಬೇಕು. ಅವರ ಹಿಂದಿನಿಂದ ಹಾದುಹೋಗುವುದಾದರೆ ಮೊದಲು ಮೈನ್‌ಶೀಟ್ ಬಿಡಿ, ಆಮೇಲೆ ಚುಕ್ಕಾಣಿ ತಿರುಗಿಸಿ. ಹಾಯಿ ಬಿಗಿಯಾಗಿಯೇ ಇದ್ದರೆ ದೋಣಿ ತಿರುಗುವುದಿಲ್ಲ, ನೇರ ಹೋಗಿ ಗುದ್ದುತ್ತದೆ.