ಅಂಗಡಿ ಒಳಗೆ ಒಂದು ಬಣ್ಣ, ಹೊರಗೆ ಇನ್ನೊಂದು

ಪ್ರಶ್ನೆ: ನಮ್ಮ ಬಟ್ಟೆ ಅಂಗಡಿ 12 ಅಡಿ ಅಗಲ, 30 ಅಡಿ ಉದ್ದ. ಇಳಕಲ್ ಸೀರೆ, ಕುರ್ತಾ ಮಾರುತ್ತೇವೆ. ಗಿರಾಕಿಗಳು ಸೀರೆ ಹಿಡಿದು ಬಾಗಿಲಿಗೆ ಹೋಗಿ ಬಣ್ಣ ನೋಡುತ್ತಾರೆ. ಒಳಗೆಲ್ಲ ಹೊಸದಾಗಿ ಮಾಡಿಸಬೇಕು, ಮೊದಲು ಯಾವುದಕ್ಕೆ ದುಡ್ಡು ಹಾಕಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಲೈಟಿಗೆ. ಫಾಲ್ಸ್ ಸೀಲಿಂಗ್ ಆಮೇಲೆ ನೋಡಿಕೊಳ್ಳಿ. ಬಾಗಿಲಿಗೆ ಹೋಗುತ್ತಾರೆ ಅಂದರೆ ನಿಮ್ಮ ಲೈಟಿನ ಮೇಲೆ ಅವರಿಗೆ ನಂಬಿಕೆ ಇಲ್ಲ, ಅಲ್ವಾ? ಎಲ್‌ಇಡಿ ಕೊಳ್ಳುವಾಗ ಬರೀ ವ್ಯಾಟ್ ನೋಡಬೇಡಿ, ಡಬ್ಬಿ ಮೇಲೆ ಸಿಆರ್‌ಐ (ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) ಎಷ್ಟು ಅಂತ ಬರೆದಿರುತ್ತೆ, ಅದು 100ಕ್ಕೆ 90 ದಾಟಿರಲಿ. ಕಡಿಮೆ ಇದ್ದರೆ ಇಳಕಲ್ ಸೆರಗಿನ ಕೆಂಪೇ ಮೊದಲು ಮಂಕಾಗೋದು. 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೆಳಕೂ ಬೇಡ, 4000 ಸಾಕು.

ಸೀರೆ ಬಿಚ್ಚಿ ತೋರಿಸುವ ಗಾದಿಯನ್ನು ಹಿಂದಕ್ಕೆ ಹಾಕಿ. ಸೀರೆಗೆ ಬಂದವರು ಕುರ್ತಾಗಳನ್ನು ದಾಟಿಕೊಂಡೇ ಹೋಗಲಿ. ಎರಡೂ ಗೋಡೆಗೆ ಒಂದೂವರೆ ಅಡಿಯ ರ‍್ಯಾಕ್, ನಡುವೆ ಎರಡು ಅಡಿಯದೊಂದು ಸ್ಟ್ಯಾಂಡ್ ಇಟ್ಟರೂ ಓಡಾಡೋಕೆ ಅಕ್ಕಪಕ್ಕ ಮೂರೂವರೆ ಅಡಿ ಉಳಿಯುತ್ತೆ.

ಟ್ರಯಲ್ ರೂಮಲ್ಲಿ ಮಾತ್ರ ಜಿಪುಣತನ ಬೇಡ. ನೆತ್ತಿ ಮೇಲೆ ಒಂದೇ ಲೈಟ್ ಹಾಕಿದರೆ ಕಣ್ಣ ಕೆಳಗೆ ನೆರಳು ಬಿದ್ದು ಎಂಥವರೂ ಸುಸ್ತಾದವರ ಥರ ಕಾಣ್ತಾರೆ, ಬಟ್ಟೆ ಚೆನ್ನಾಗಿದ್ದರೂ ವಾಪಸ್ ಕೊಡ್ತಾರೆ. ಕನ್ನಡಿಯ ಎರಡೂ ಪಕ್ಕ ಲೈಟ್ ಹಾಕಿಸಿ. ಬ್ಯಾಗ್ ನೇತುಹಾಕಲು ಹುಕ್ ಮರೀಬೇಡಿ.